ಸುಳಿವು ಇರೋದು ಮಾತಲ್ಲೇ

ಹಜೀರಾದಿಂದ ಮಾತಾಡ್ತಾ ಇದ್ದೀನಿ. ಇಲ್ಲಿನ ಗುಜರಾತಿ ಸಹೋದ್ಯೋಗಿಗಳು ಆಗಾಗ ಕೇಳ್ತಾರೆ: ನಿಮ್ಮ ಕನ್ನಡದಲ್ಲಿ ಒಳ್ಳೆ ಪತ್ತೇದಾರಿ ಸಿನಿಮಾ ಯಾವುದಿದೆ, ಸಬ್‌ಟೈಟಲ್ ಇದ್ರೆ ಸಾಕು. ಆ ‘ಸಬ್‌ಟೈಟಲ್ ಇದ್ರೆ ಸಾಕು’ ಅನ್ನೋದರ ಬಗ್ಗೆನೇ ಇವತ್ತಿನ ಮಾತು. ನನಗೆ ಇಷ್ಟವಾದ ಪತ್ತೇದಾರಿ ಸಿನಿಮಾಗಳಲ್ಲಿ ಸುಳಿವು ಸಿಗೋದು ಬರವಣಿಗೆಯಲ್ಲಿ, ದನಿಯಲ್ಲಿ, ಒಂದು ಕಾವ್ಯನಾಮದಲ್ಲಿ. ಅಲ್ಲಿ ಪತ್ತೇದಾರ ಅಂದ್ರೆ ಒಬ್ಬ ಒಳ್ಳೆ ಓದುಗ, ಅಷ್ಟೇ.

ಮೊದಲು 1995ರ ‘ಬೆಳದಿಂಗಳ ಬಾಲೆ’. ಯಂಡಮೂರಿ ವೀರೇಂದ್ರನಾಥ್ ಅವರ ತೆಲುಗು ಕಾದಂಬರಿ, ಸುನೀಲ್ ಕುಮಾರ್ ದೇಸಾಯಿ ಅವರ ನಿರ್ದೇಶನ. 1989ರಲ್ಲಿ ‘ತರ್ಕ’, 1993ರಲ್ಲಿ ‘ನಿಷ್ಕರ್ಷ’ ಮಾಡಿ ಜನರನ್ನ ಕುರ್ಚಿ ತುದೀಲಿ ಕೂರಿಸಿದವರು ದೇಸಾಯಿ. ಅದೇ ಕೈ ಇಲ್ಲೊಂದು ಪ್ರೇಮಕಥೆ ಮಾಡ್ತು, ಆದ್ರೆ ಅದರ ಅಸ್ಥಿಪಂಜರ ಪೂರ್ತಿ ಪತ್ತೇದಾರಿಯದ್ದೇ. ಅನಂತ್ ನಾಗ್ ಚೆಸ್ ಗ್ರ್ಯಾಂಡ್‌ಮಾಸ್ಟರ್ ರೇವಂತ್. ಒಂದು ಫೋನ್ ಬರುತ್ತೆ. ಆ ಕಡೆ ಒಬ್ಬಳು ಹುಡುಗಿ. ತಾನು ಯಾರು ಅಂತ ಹೇಳಲ್ಲ, ಸಾಧ್ಯವಾದ್ರೆ ಹುಡುಕು ಅಂತ ಸವಾಲು ಹಾಕ್ತಾಳೆ. ಕೊಲೆ ಇಲ್ಲ, ಕಳ್ಳತನ ಇಲ್ಲ. ಅಪರಾಧಿಯೇ ಇಲ್ಲದ ತನಿಖೆ! ಅವನ ಕೈಲಿರೋದು ಅವಳ ಮಾತು ಮಾತ್ರ. ಟ್ರೂಕಾಲರ್ ಇದ್ದಿದ್ರೆ ಹತ್ತು ನಿಮಿಷಕ್ಕೆ ಸಿನಿಮಾ ಮುಗೀತಿತ್ತು ಅಂತ ಈಗಿನ ಮಕ್ಕಳು ನಗಬಹುದು. ನಗಲಿ. ಆದ್ರೆ ನಾವು ಊರು ಬಿಟ್ಟು ಬಂದವರು, ನಮಗೆ ಇದು ಬೇರೆ ಥರಾನೇ ತಟ್ಟುತ್ತೆ. ಅಮ್ಮ ಫೋನಲ್ಲಿ ‘ಚೆನ್ನಾಗಿದ್ದೀನಪ್ಪಾ’ ಅಂದ ಧಾಟಿಯಲ್ಲೇ ಜ್ವರ ಇದೆಯೋ ಇಲ್ಲವೋ ಅಂತ ಪತ್ತೆ ಹಚ್ಚೋರು ನಾವು. ದನಿಯಿಂದ ಮನುಷ್ಯರನ್ನ ಓದೋದು ನಮಗೆ ದಿನದ ಕೆಲಸ.

ತೆಲುಗಿಂದ ಬಂದ ಕತೆ ತಾನೇ, ಹಾಗಾದ್ರೆ ಸಬ್‌ಟೈಟಲ್‌ಗೂ ಬರಬಹುದಲ್ವಾ ಅಂತ ಕೇಳಬಹುದು. ಬರಲ್ಲ. ತೆಲುಗಿಂದ ಬಂದಾಗ ಅದನ್ನ ಕನ್ನಡದ ಕಿವಿಗೆ ಅಂತ ಮತ್ತೆ ಬರೆದರು. ಸಬ್‌ಟೈಟಲ್ ಅರ್ಥ ಮಾತ್ರ ಕೊಡುತ್ತೆ, ಆ ಹುಡುಗಿಯ ಕೀಟಲೆ ಕೊಡಲ್ಲ.

ಇನ್ನೊಂದು, 2015ರ ಜುಲೈ 3ಕ್ಕೆ ಬಂದ ಅನೂಪ್ ಭಂಡಾರಿಯವರ ‘ರಂಗಿತರಂಗ’. ಬೆನ್ನಿಗೇ ಒಂದು ವಾರಕ್ಕೆ ‘ಬಾಹುಬಲಿ’ ಬಂದ್ರೂ ನೆಲ ಕಚ್ಚಲಿಲ್ಲ. ನಾಯಕ ಗೌತಮ್ ಕಾದಂಬರಿಕಾರ. ಬರೆಯೋದು ‘ಅನಶ್ಕು’ ಅನ್ನೋ ಹೆಸರಲ್ಲಿ, ಮುಖ ತೋರಿಸಲ್ಲ. ಈ ಅನಶ್ಕು ಯಾರು ಅಂತ ಸಂಧ್ಯಾ ಅನ್ನೋ ಪತ್ರಕರ್ತೆ ಹುಡುಕಿಕೊಂಡು ಹೊರಡ್ತಾಳೆ. ಇತ್ತ ಕಮರೊಟ್ಟು ಅನ್ನೋ ಹಳ್ಳಿಯಲ್ಲಿ ಗೌತಮನ ಹೆಂಡತಿಯೇ ಕಾಣೆಯಾಗ್ತಾಳೆ. ಕತೆ ಕಟ್ಟೋನನ್ನೇ ಒಬ್ಬರು ಹುಡುಕ್ತಿರೋವಾಗ ಅವನು ಇನ್ನೊಬ್ಬರನ್ನ ಹುಡುಕ್ತಾನೆ. ಕೊಲೆಗಾರ ಯಾರು ಅಂತ ಹೇಳಲ್ಲ, ನೋಡದವರು ಇದ್ದೀರಿ. ನನ್ನ ತಕರಾರು ಇಷ್ಟೇ: ಭೂತದ ಸದ್ದು, ಹೆದರಿಸೋ ಆಟ ಜಾಸ್ತಿಯಾಗಿ ಆ ಕಾವ್ಯನಾಮದ ರಹಸ್ಯ ಮಸುಕಾಗುತ್ತೆ. ನನಗೆ ಬೇಕಿದ್ದದ್ದು ಅದೇ.

ಹೊರಗಿನವರದ್ದು ಒಂದೇ ಹೇಳ್ತೀನಿ. ಚಿಲಿಯ ಪಾಬ್ಲೊ ಲರಾಯಿನ್ 2016ರಲ್ಲಿ ಮಾಡಿದ ‘ನೆರೂಡಾ’. ಸರ್ಕಾರ ತಿರುಗಿಬಿದ್ದು ಕವಿ ಪಾಬ್ಲೊ ನೆರೂಡಾ 1948ರಲ್ಲಿ ತಲೆಮರೆಸಿಕೊಂಡಿದ್ದು ನಿಜ. ಸಿನಿಮಾದಲ್ಲಿ ಒಬ್ಬ ಪೊಲೀಸ್ ಅವನ ಬೆನ್ನು ಹತ್ತುತ್ತಾನೆ. ಕವಿ ಹೋದಲ್ಲೆಲ್ಲ ಇವನಿಗೆ ಅಂತಲೇ ಪತ್ತೇದಾರಿ ಕಾದಂಬರಿಗಳನ್ನ ಬಿಟ್ಟುಹೋಗ್ತಾನೆ. ಬರ್ತಾ ಬರ್ತಾ ಪೊಲೀಸಿಗೇ ಅನುಮಾನ: ನಾನು ನಿಜವಾಗ್ಲೂ ಇದ್ದೀನಾ, ಇವನು ಬರೆದ ಪಾತ್ರಾನಾ?

ಇಂಥ ಸಿನಿಮಾಕ್ಕೆ ಬೇಕಾದ ಸರಕು ನಮ್ಮಲ್ಲಿ ಎಷ್ಟಿದೆ ಗೊತ್ತಾ? ಕನ್ನಡ ರಾಜ್ಯೋತ್ಸವಕ್ಕೆ ನಾವು ಹಾರಿಸೋ ಹಳದಿ ಕೆಂಪು ಬಾವುಟ ರೂಪಿಸಿದ ಮ. ರಾಮಮೂರ್ತಿಯವರು ಪತ್ತೇದಾರಿ ಕಾದಂಬರಿ ಬರೀತಿದ್ದವರು. ಇನ್ನೂ ಹಿಂದೆ ಹೋದ್ರೆ ಕನಕದಾಸರ ಮುಂಡಿಗೆ, ಅಲ್ಲಮನ ಬೆಡಗಿನ ವಚನ. ಬೀಗ ಹಾಕಿಟ್ಟ ಪದ್ಯಗಳು ಅವು. ಕೀಲಿ ಹುಡುಕಿ ಟೀಕೆ ಬರೆದವರದ್ದೇ ಒಂದು ಪರಂಪರೆ ಇದೆ.

ಹಾಗಂತ ಈ ಓದು ಬರೀ ಆಟ ಅಂದ್ಕೋಬೇಡಿ. ‘ರಂಗಿತರಂಗ’ ಬಂದ ಎರಡೇ ತಿಂಗಳಿಗೆ, 2015ರ ಆಗಸ್ಟ್ 30ರಂದು, ಧಾರವಾಡದ ಮನೆಯಲ್ಲೇ ಎಂ.ಎಂ. ಕಲಬುರ್ಗಿಯವರನ್ನ ಗುಂಡಿಟ್ಟು ಕೊಂದ್ರು. ಶಾಸನ, ವಚನಗಳ ಸಾಲುಗಳನ್ನ ಸಾಕ್ಷಿ ವಿಚಾರಿಸೋ ಹಾಗೆ ಓದಿದ ಸಂಶೋಧಕರು ಅವರು. ಹಳೇ ಸಾಲೊಂದನ್ನ ಬೇರೆ ಥರ ಓದಿದ್ದಕ್ಕೆ ಇವತ್ತು ಬದುಕಿರೋ ಜನ ಸಿಟ್ಟಾಗೋದನ್ನ ಅವರು ಜೀವನಪೂರ್ತಿ ಕಂಡಿದ್ರು. ನಮ್ಮ ಸಿನಿಮಾ ಪತ್ತೇದಾರ ಯಾವಾಗಲೂ ಪೊಲೀಸೇ ಆಗಬೇಕಾ? ಹಸ್ತಪ್ರತಿ ಓದೋ ಒಬ್ಬ ಕನ್ನಡ ಮೇಷ್ಟ್ರು, ಟೀಕೆಕಾರರೆಲ್ಲ ಬೇಕಂತಲೇ ಬಿಟ್ಟ ಒಂದು ಬೆಡಗಿನ ವಚನ, ಅದರ ಬೆನ್ನು ಹತ್ತಿದ್ದಕ್ಕೆ ಕಾದಿರೋ ಅಪಾಯ. ಆ ಸಿನಿಮಾಕ್ಕೆ ನಾನು ಸೂರತ್‌ನಿಂದ ರೈಲು ಹತ್ತಿ ಬೆಂಗಳೂರಿಗೇ ಬಂದು ಟಿಕೆಟ್ ತಗೋತೀನಿ.

ಅಲ್ಲೀವರೆಗೂ ಒಂದು ಕೆಲಸ ಮಾಡಿ. ಇಲ್ಲೇ ಹುಟ್ಟಿದ ನಮ್ಮ ಮಕ್ಕಳು ಕನ್ನಡ ಮಾತಾಡ್ತಾರೆ, ಓದೋದು ಕಮ್ಮಿ. ಅವರನ್ನ ಕೂರಿಸಿ ‘ಬೆಳದಿಂಗಳ ಬಾಲೆ’ ಹಾಕಿ, ಸಬ್‌ಟೈಟಲ್ ಇಲ್ಲದೆ. ಮೊದಲನೇ ಫೋನ್ ಮುಗಿದ ತಕ್ಷಣ ನಿಲ್ಲಿಸಿ ಕೇಳಿ: ಈ ಹುಡುಗಿಗೆ ವಯಸ್ಸೆಷ್ಟು ಅನ್ಸುತ್ತೆ, ಎಂಥವಳು ಅನ್ಸುತ್ತೆ, ಯಾವ ಮಾತಿಂದ ಗೊತ್ತಾಯ್ತು?