ಅಕ್ಕ ತೆರೆದ ಪುಸ್ತಕ

ಇನ್ನೊಬ್ಬರು ಬರೆದಿಟ್ಟುಕೊಂಡ ಪುಸ್ತಕವನ್ನು ಅವರ ಅಪ್ಪಣೆಯಿಲ್ಲದೆ ತೆರೆದು ಓದಬಾರದೆಂದು ನಾವೆಲ್ಲ ಮಕ್ಕಳಿಗೆ ಬುದ್ಧಿ ಹೇಳುತ್ತೇವೆ. 1845ನೆಯ ಇಸವಿಯ ಶರತ್ಕಾಲದಲ್ಲಿ, ಇಂಗ್ಲೆಂಡಿನ ಒಂದು ಮನೆಯಲ್ಲಿ, ಒಬ್ಬ ಅಕ್ಕ ಈ ಬುದ್ಧಿಮಾತನ್ನು ಮೀರಿದಳು. ಮೀರದೆ ಇದ್ದಿದ್ದರೆ ಆಂಗ್ಲ ಸಾಹಿತ್ಯಕ್ಕೆ ಒಂದು ಮಹಾಕಾದಂಬರಿ ದೊರೆಯುತ್ತಿತ್ತೋ ಇಲ್ಲವೋ ಹೇಳಲಾರೆ. ಆ ಅಕ್ಕನ ಹೆಸರು ಷಾರ್ಲಟ್ ಬ್ರಾಂಟೆ. ತಂಗಿ ಎಮಿಲಿ. ಕಾದಂಬರಿಯ ಹೆಸರು 'ವದರಿಂಗ್ ಹೈಟ್ಸ್'.

ಯಾರ್ಕ್‌ಷೈರ್ ಪ್ರಾಂತದ ಹಾವರ್ತ್ ಎಂಬ ಗುಡ್ಡದೂರಿಗೆ ಇವರ ತಂದೆ 1820ರಲ್ಲಿ ಪಾದ್ರಿಯಾಗಿ ಬಂದರು. ಮನೆಯ ಮುಂದೆ ಸ್ಮಶಾನ. ಹಿಂದೆ ಕಣ್ಣು ಹಾಯುವಷ್ಟು ದೂರ, ಆ ಜನ 'ಮೂರ್' ಎಂದು ಕರೆಯುವ ಎತ್ತರದ ಬೀಳುಭೂಮಿ. ಅದು ಕಾಡಲ್ಲ, ತೋಪಲ್ಲ, ಉಳುವ ನೆಲವಂತೂ ಅಲ್ಲ. ಒದ್ದೆಯಾದ ಕಪ್ಪು ಮಣ್ಣು, ಬಂಡೆ, ಜರಿಗಿಡ, ಮೊಳಕಾಲೆತ್ತರದ ಹೆದರ್ ಎಂಬ ಪೊದೆ. ವರುಷದ ಬಹುಭಾಗ ಕಂದುಬಣ್ಣದ ಆ ಗುಡ್ಡಗಳು ಆಗಸ್ಟ್ ತಿಂಗಳಲ್ಲಿ ಮಾತ್ರ ನೇರಿಳೆ ಹೊದ್ದುಕೊಳ್ಳುತ್ತವೆ. ಉಳಿದಂತೆ ಗಾಳಿಯದೇ ರಾಜ್ಯ.

1821ರಲ್ಲಿ ತಾಯಿ ತೀರಿಕೊಂಡಳು. ದೊಡ್ಡ ಹುಡುಗಿಯರಿಬ್ಬರು ವಸತಿಶಾಲೆಯಲ್ಲಿ ಕಾಯಿಲೆ ಬಿದ್ದು 1825ರಲ್ಲಿ ಸತ್ತರು. ಉಳಿದವರು ಷಾರ್ಲಟ್, ತಮ್ಮ ಬ್ರಾನ್‌ವೆಲ್, ಎಮಿಲಿ, ಎಲ್ಲರಿಗಿಂತ ಚಿಕ್ಕವಳು ಆನ್. ಮರುವರ್ಷ ತಂದೆ ಮಗನಿಗೆಂದು ಹನ್ನೆರಡು ಮರದ ಸಿಪಾಯಿಗಳನ್ನು ತಂದರು. ಆ ಸಿಪಾಯಿಗಳಿಗೆ ಹೆಸರಿಟ್ಟು, ದೇಶ ಕಟ್ಟಿ, ಅಂಗೈಯಲ್ಲಿ ಅಡಗುವ ಪುಸ್ತಕಗಳಲ್ಲಿ ಸಾಸಿವೆಯಂಥ ಅಕ್ಷರಗಳಿಂದ ಈ ಮಕ್ಕಳು ಚರಿತ್ರೆ ಬರೆದರು. ಎಮಿಲಿಯೂ ಆನಳೂ ಮುಂದೆ ಬೇರೆಯಾಗಿ 'ಗೊಂಡಾಲ್' ಎಂಬ ದ್ವೀಪರಾಜ್ಯವನ್ನೇ ಕಲ್ಪಿಸಿಕೊಂಡರು. ಆ ಆಟವನ್ನು ಬೆಳೆದ ಮೇಲೂ ಬಿಡಲಿಲ್ಲ.

ಎಮಿಲಿಗೆ ಊರು ಬಿಟ್ಟರೆ ಉಸಿರು ಕಟ್ಟುತ್ತಿತ್ತು. ಹದಿನೇಳನೆಯ ವಯಸ್ಸಿನಲ್ಲಿ, ಅಕ್ಕ ಪಾಠ ಹೇಳುತ್ತಿದ್ದ ಶಾಲೆಗೇ ಅವಳನ್ನು ಸೇರಿಸಿದರು. ಕೆಲವು ತಿಂಗಳಲ್ಲೇ ಹುಡುಗಿ ಬಿಳಿಚಿಕೊಂಡಳು. ಮನೆಗೆ ಕಳುಹಿಸದಿದ್ದರೆ ಉಳಿಯುವುದಿಲ್ಲವೆಂದು ಷಾರ್ಲಟ್ ಅರಿತಳು, ಕಳುಹಿಸಿದಳು. 1842ರಲ್ಲಿ ಅಕ್ಕನ ಜೊತೆ ಬ್ರಸೆಲ್ಸ್ ನಗರಕ್ಕೆ ಓದಲು ಹೋದದ್ದೂ ವರುಷ ತುಂಬಲಿಲ್ಲ. ಆಮೇಲೆ ಹಾವರ್ತೇ ಅವಳ ಲೋಕ. ಅಡಿಗೆಮನೆಯಲ್ಲಿ ರೊಟ್ಟಿಯ ಹಿಟ್ಟು ನಾದುತ್ತ, ಎದುರಿಗೆ ಜರ್ಮನ್ ಪುಸ್ತಕ ಒರಗಿಸಿಟ್ಟುಕೊಂಡು ಓದುತ್ತಿದ್ದಳಂತೆ. ಕೆಲಸ ಮುಗಿದರೆ ತನ್ನ ದೊಡ್ಡ ನಾಯಿಯೊಡನೆ ಗುಡ್ಡದ ಮೇಲೆ. ರಾತ್ರಿ ಒಂಬತ್ತಾದ ಮೇಲೆ ಅಕ್ಕತಂಗಿಯರು ಹೊಲಿಗೆಯನ್ನು ಬದಿಗಿಟ್ಟು, ಕೋಣೆಯಲ್ಲಿ ಅತ್ತಿಂದಿತ್ತ ನಡೆದಾಡುತ್ತ ತಾವು ಬರೆದದ್ದನ್ನು ಒಬ್ಬರಿಗೊಬ್ಬರು ಹೇಳುತ್ತಿದ್ದರು.

ಆದರೆ ಎಮಿಲಿ ಎಲ್ಲವನ್ನೂ ಹೇಳುತ್ತಿರಲಿಲ್ಲ. ತನ್ನ ಪದ್ಯಗಳನ್ನು 1844ರಿಂದ ಎರಡು ಪುಸ್ತಕಗಳಲ್ಲಿ ಪ್ರತಿಮಾಡಿಟ್ಟು ಮುಚ್ಚಿಟ್ಟಿದ್ದಳು. ಅಕ್ಕನ ಕಣ್ಣಿಗೆ ಆಕಸ್ಮಿಕವಾಗಿ ಬಿದ್ದದ್ದು ಇಂಥ ಪುಸ್ತಕ. ಷಾರ್ಲಟ್ ಓದಿದಳು, ಬೆರಗಾದಳು, ಹೋಗಿ ಹೇಳಿಯೂಬಿಟ್ಟಳು. ತಂಗಿಯ ಕೋಪ ಇಳಿಯಲು ಗಂಟೆಗಳೇ ಬೇಕಾದವು. ಅಚ್ಚುಹಾಕಿಸಲು ಒಪ್ಪಿಸಬೇಕಾದರೆ ದಿನಗಳೇ ಹಿಡಿದವು. ಅಷ್ಟರಲ್ಲಿ ಆನ್ ಸದ್ದಿಲ್ಲದೆ ತನ್ನ ಪದ್ಯಗಳನ್ನೂ ತಂದು ಮುಂದಿಟ್ಟಳು. ಆ ಮನೆಯಲ್ಲಿ ಯಾರ ಪೆಟ್ಟಿಗೆಯಲ್ಲಿ ಏನಿತ್ತೋ!

ಮೂವರೂ ಗಂಡಸರದೆಂದೇ ತೋರಬಹುದಾದ ಹೆಸರುಗಳ ಮರೆಯಲ್ಲಿ, ತಮ್ಮದೇ ಖರ್ಚಿನಿಂದ, 1846ರಲ್ಲಿ ಪದ್ಯಗಳನ್ನು ಅಚ್ಚುಹಾಕಿಸಿದರು. ಒಂದು ವರುಷದಲ್ಲಿ ಮಾರಾಟವಾದದ್ದು ಎರಡೇ ಪ್ರತಿ. ಆದರೂ ಬಾಗಿಲು ತೆರೆದಂತಾಯಿತು. 1847ರ ಅಕ್ಟೋಬರಿನಲ್ಲಿ ಷಾರ್ಲಟಳ 'ಜೇನ್ ಐರ್', ಡಿಸೆಂಬರಿನಲ್ಲಿ ಎಮಿಲಿಯ 'ವದರಿಂಗ್ ಹೈಟ್ಸ್', ಅದರೊಡನೆಯೇ ಆನಳ 'ಆಗ್ನೆಸ್ ಗ್ರೇ' ಹೊರಬಂದವು.

ನಮ್ಮ ಮಹಾಕಾವ್ಯಗಳಲ್ಲಿ ಅಷ್ಟಾದಶ ವರ್ಣನೆಗಳಿರಬೇಕೆಂಬ ಕಟ್ಟಳೆಯನ್ನು ತಾವು ಕೇಳಿರಬಹುದು. ಕಡಲು, ಗಿರಿ, ಋತು, ಚಂದ್ರೋದಯ, ಹೀಗೆ. ಪಂಡಿತ ಪರೀಕ್ಷೆಗೆ ಅವನ್ನು ಬಾಯಿಪಾಠ ಮಾಡಿದ ನಾನು, ನಿಸರ್ಗಪ್ರೇಮಿಯ ಕಾದಂಬರಿಯೆಂದು ಕೇಳಿ, ಪುಟಗಟ್ಟಲೆ ವರ್ಣನೆಯನ್ನು ನಿರೀಕ್ಷಿಸಿಯೇ ಇದನ್ನು ತೆರೆದೆ. ಅಂಥದು ಅಲ್ಲಿ ಇಲ್ಲವೇ ಇಲ್ಲವೆನ್ನಬೇಕು. ಮನೆಯ ಪಕ್ಕದ ಗಿಡಗಳು ಒಂದೇ ಕಡೆಗೆ ಬಾಗಿವೆ, ಅಷ್ಟರಿಂದಲೇ ಗಾಳಿ ತಿಳಿಯಬೇಕು. ನಾಯಕಿ ತನ್ನ ಎರಡು ಪ್ರೇಮಗಳನ್ನು ತೂಗುವಾಗ, ಋತುವಿಗೆ ತಕ್ಕಂತೆ ಬದಲಾಗುವ ಎಲೆ ಒಂದು ಕಡೆ, ನೆಲದಡಿಯ ಬಂಡೆ ಇನ್ನೊಂದು ಕಡೆ. ಒಂದೆಡೆ ಜ್ವರದ ಬಾಧೆಯಲ್ಲಿ ಅವಳು ದಿಂಬನ್ನು ಹರಿದು ಗರಿಗಳನ್ನು ಹಾಸಿಗೆಯ ಮೇಲೆ ಬೇರೆಬೇರೆಯಾಗಿ ಇಡುತ್ತಾಳೆ. ಇದು ಕಾಡುಬಾತಿನದು, ಇದು ಪಾರಿವಾಳದ್ದು, ಇದು ಟಿಟ್ಟಿಭದ್ದು ಎಂದು ಗುರುತಿಸುತ್ತಾಳೆ. ಟಿಟ್ಟಿಭದ ಗರಿ ಕೈಗೆ ಬಂದೊಡನೆ ಹಳೆಯದೊಂದು ಗೂಡು ನೆನಪಾಗುತ್ತದೆ. ನಾಯಕನು ಅದರ ಮೇಲೆ ಬೋನು ಒಡ್ಡಿದ್ದನು. ತಾಯಿತಂದೆ ಹಕ್ಕಿಗಳು ಹತ್ತಿರ ಬರಲಂಜಿದವು. ಚಳಿಗಾಲದಲ್ಲಿ ನೋಡಿದಾಗ ಗೂಡಿನ ತುಂಬ ಮರಿಗಳ ಎಲುಬು. ಹಕ್ಕಿಯ ಗರಿಯನ್ನು ಇಷ್ಟು ಬಲ್ಲವಳು, ಪ್ರಕೃತಿ ಬರಿಯ ಸೊಬಗಲ್ಲವೆಂದೂ ಬಲ್ಲಳು.

ಪುಸ್ತಕ ಹೊರಬಂದ ಮರುವರ್ಷವೇ, 1848ರ ಸೆಪ್ಟೆಂಬರಿನಲ್ಲಿ ಬ್ರಾನ್‌ವೆಲ್ ಸತ್ತನು. ಡಿಸೆಂಬರ್ 19ರಂದು ಎಮಿಲಿ, ಮೂವತ್ತರ ವಯಸ್ಸಿನಲ್ಲಿ, ಕ್ಷಯದಿಂದ ತೀರಿಕೊಂಡಳು. ಕೊನೆಯ ದಿನಗಳಲ್ಲಿ ಷಾರ್ಲಟ್ ಆ ಚಳಿಯಲ್ಲೂ ಗುಡ್ಡವನ್ನೆಲ್ಲ ಹುಡುಕಿ, ಹೆದರಿನ ಒಂದೇ ಒಂದು ಒಣಗಿದ ಕಡ್ಡಿಯನ್ನು ತಂದು ತಂಗಿಗೆ ತೋರಿಸಿದಳಂತೆ. ತಂಗಿಗೆ ಅದರ ಗುರುತು ಹತ್ತಲಿಲ್ಲ. 1849ರ ಮೇ ತಿಂಗಳಲ್ಲಿ ಆನಳೂ ಹೋದಳು. ಆ ಮೇಲೆ ರಾತ್ರಿ ಒಂಬತ್ತರ ನಡಿಗೆಯನ್ನು ಷಾರ್ಲಟ್ ಒಬ್ಬಳೇ ನಡೆಯುತ್ತಿದ್ದಳು.

1850ರಲ್ಲಿ ತಂಗಿಯರ ಕೃತಿಗಳನ್ನು ಮತ್ತೆ ಅಚ್ಚಿಗೆ ಸಿದ್ಧಮಾಡಿದವಳು ಅವಳೇ. ಅವರು ಯಾರೆಂಬುದನ್ನು ಜಗತ್ತಿಗೆ ತಿಳಿಸಿದಳು. ಅದರ ಜೊತೆಗೇ ತಿದ್ದಿದಳು ಕೂಡ. ಕಾದಂಬರಿಯ ಮುದಿ ಆಳು ಜೋಸೆಫ್ ಆಡುವ ಯಾರ್ಕ್‌ಷೈರಿನ ಒರಟು ಮಾತು ದಕ್ಷಿಣದವರಿಗೆ ತಿಳಿಯದೆಂದು ಅದರ ಕಾಗುಣಿತವನ್ನು ಹದಗೊಳಿಸಿದಳು. ಎಮಿಲಿಯ ಪದ್ಯಗಳಲ್ಲಿ ಪದ ಬದಲಿಸಿದಳು, ಕೆಲವೆಡೆ ತಾನೇ ಸಾಲು ಸೇರಿಸಿದಳು. ಕಾದಂಬರಿಯ ನಾಯಕನಂಥವನನ್ನು ಸೃಷ್ಟಿಸುವುದು ಸರಿಯೇ ಎಂದು ಮುನ್ನುಡಿಯಲ್ಲಿ ಸಂಶಯಪಟ್ಟಳು. ತಂಗಿಯ ಪರವಾಗಿ ಕ್ಷಮೆ ಕೇಳಿದಂತಿದೆ ಆ ಮುನ್ನುಡಿ. ಎಮಿಲಿ ಕೇಳುತ್ತಿದ್ದಳೆಂದು ನನಗೆ ತೋರುವುದಿಲ್ಲ.

ಇದನ್ನು ದೂರುವುದಕ್ಕೆ ನನಗೆ ಬಾಯಿಲ್ಲ. ಮೂವತ್ತು ವರುಷ ಕೆಂಪು ಶಾಯಿ ಹಿಡಿದವನು ನಾನು. ಹಿಂದೊಮ್ಮೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಮಳೆಗಾಲದ ಮೇಲೆ ಪ್ರಬಂಧ ಬರೆದು, 'ಮೂರು ದಿನ ಜಡಿ ಹಿಡಿದಿತ್ತು' ಎಂದಿದ್ದಳು. ಅದನ್ನು ಹೊಡೆದು 'ಅವಿಚ್ಛಿನ್ನ ವರ್ಷಧಾರೆ' ಎಂದು ಬರೆದೆ. ಹುಡುಗಿ ಜಾಣೆ. ಅಂದಿನಿಂದ ನನ್ನ ಹಾಗೆಯೇ ಬರೆದಳು, ಒಳ್ಳೆಯ ಅಂಕ ಪಡೆದಳು. ಅವಳ ಊರಿನ ಮಳೆ ಮಾತ್ರ ಆ ಪುಸ್ತಕದಲ್ಲಿ ಮತ್ತೆ ಸುರಿಯಲಿಲ್ಲ. ಪ್ರೀತಿಯಿಂದ ತಿದ್ದಿದ್ದೆನೆಂಬುದೂ ನಿಜವೇ.

ಎಮಿಲಿಯ ಪದ್ಯಗಳನ್ನು ಅವಳ ಹಸ್ತಪ್ರತಿಗಳೊಡನೆ ಹೋಲಿಸಿ ಹ್ಯಾಟ್‌ಫೀಲ್ಡ್ ಎಂಬ ವಿದ್ವಾಂಸನು ಸಮಗ್ರವಾಗಿ ಪ್ರಕಟಿಸಿದ್ದು 1941ರಲ್ಲಿ. ಆ ಎರಡು ಪುಸ್ತಕಗಳಲ್ಲಿ ಒಂದು ಬಹುಕಾಲ ಖಾಸಗಿ ಸಂಗ್ರಹವೊಂದರಲ್ಲಿ ಕಣ್ಮರೆಯಾಗಿದ್ದು, 2021ರಲ್ಲಿ ಹರಾಜಿಗೆ ಬಂದಿತು. ಹರಾಜನ್ನು ನಿಲ್ಲಿಸಿ, ಹಣ ಕೂಡಿಸಿ, ಸಾರ್ವಜನಿಕ ಸಂಸ್ಥೆಗಳಿಗಾಗಿ ಅದನ್ನು ಕೊಂಡರು. ಎಮಿಲಿಯ ಅಕ್ಷರಗಳ ನಡುವೆ ಅದರಲ್ಲಿ ಷಾರ್ಲಟಳ ಸೀಸದಕಡ್ಡಿಯ ಗುರುತುಗಳಿವೆ.

ಆ ಗುರುತುಗಳನ್ನು ಮಾಡಿದ ಕೈಯೇ 1850ರ ಮೇ ತಿಂಗಳಲ್ಲಿ ಒಂದು ಕಾಗದ ಬರೆಯಿತು. ಗುಡ್ಡದ ಮೇಲೆ ಈಗ ಒಬ್ಬಳೇ ಹೋಗುತ್ತೇನೆ, ಹೆದರಿನ ದಿಣ್ಣೆ, ಜರಿಗಿಡದ ಕೊಂಬೆ, ಹಾರುವ ಬಾನಾಡಿ, ಯಾವುದನ್ನು ನೋಡಿದರೂ ಎಮಿಲಿ ನೆನಪಾಗುತ್ತಾಳೆ ಎಂಬುದು ಅದರ ಸಾರಾಂಶ. ದೂರದ ನೋಟಗಳು ಆನಳಿಗೆ ಪ್ರಿಯವಾಗಿದ್ದುದರಿಂದ, ದಿಗಂತದ ಕಡೆ ತಿರುಗಿದರೆ ಅಲ್ಲಿ ಆನ್ ಇದ್ದಳು.