ಕಂಬಾಲಪಲ್ಲಿಯನ್ನು ಮಕ್ಕಳಿಗೆ ಹೇಗೆ ಹೇಳೋಣ?

(ಯಲ್ದೂರಿನಲ್ಲಿ ಉಪಾಧ್ಯಾಯರು ಮತ್ತು ತಾಯಿತಂದೆಯರ ಮುಂದೆ ಮಾಡಿದ ಭಾಷಣ)



2000ನೇ ಇಸವಿ ಮಾರ್ಚ್ 11ರಂದು ನಮ್ಮ ನೆರೆಯ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಮನೆಗೆ ಬೆಂಕಿ ಇಟ್ಟು ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. ಆಗ ಅದು ನಮ್ಮ ಕೋಲಾರ ಜಿಲ್ಲೆಯೇ. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ. ಕಾಲು ಶತಮಾನ ಕಳೆಯಿತು. ಅಂದು ತೊಟ್ಟಿಲಲ್ಲಿದ್ದವರು ಇಂದು ತಾವೇ ತಾಯಿತಂದೆಯರಾಗಿದ್ದಾರೆ. ಅವರ ಮಕ್ಕಳಿಗೆ ಇದನ್ನು ಹೇಳಬೇಕೆ, ಹೇಳುವುದಾದರೆ ಹೇಗೆ ಎಂಬುದು ಈ ದಿನ ನಮ್ಮ ಮುಂದಿರುವ ವಿಚಾರ.

“ಆರಿದ ಗಾಯವನ್ನು ಕೆರೆಯುವುದೇಕೆ? ಮಕ್ಕಳಿಗೆ ಜಾತಿಯ ಮಾತು ಬೇಡ” ಎನ್ನುವ ಹಿರಿಯರಿದ್ದಾರೆ. ಅವರ ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಗಾಯ ಆರಿದೆಯೆ? 2022ರಲ್ಲಿ ಇದೇ ಜಿಲ್ಲೆಯ ಮಾಲೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿ ದಲಿತ ಹುಡುಗನೊಬ್ಬ ಉತ್ಸವದ ದೇವರ ಕೋಲನ್ನು ಮುಟ್ಟಿದನೆಂದು ಅವನ ಮನೆಯವರಿಗೆ 60,000 ರೂಪಾಯಿ ದಂಡ ಹಾಕಿದರು. ನಾವು ಹೇಳಲಿ ಬಿಡಲಿ, ಜಾತಿಯ ಪಾಠ ಮಗುವಿಗೆ ಬೀದಿಯಲ್ಲೇ ಆಗುತ್ತಿದೆ. ನಾವು ಬಾಯಿ ಮುಚ್ಚಿದರೆ ಆ ಪಾಠವೊಂದೇ ಅದಕ್ಕೆ ಉಳಿಯುತ್ತದೆ.

ಆದುದರಿಂದ ಹೇಳಲೇಬೇಕು. ಹೇಳುವಾಗ ಬೆಂಕಿಯನ್ನು ವರ್ಣಿಸುವುದು ಬೇಡ. ರಾತ್ರಿ ನಿದ್ದೆಗೆಡುವಂತೆ ಹೇಳಿದರೆ ಭಯ ಉಳಿದೀತೇ ಹೊರತು ತಿಳಿವಳಿಕೆ ಉಳಿಯದು. ಎಂಟು ವರ್ಷದ ಮಗುವಿಗೆ “ಜಾತಿಯ ದ್ವೇಷದಿಂದ ಏಳು ಮಂದಿಯನ್ನು ಕೊಂದರು, ಅದು ಘೋರ ಅನ್ಯಾಯ” ಎಂದರೆ ಸಾಕು. ದೊಡ್ಡ ಮಕ್ಕಳಿಗೆ ಇಸವಿ, ಊರು, ಕೋರ್ಟು ಎಲ್ಲವನ್ನೂ ಹೇಳಬಹುದು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ತೆಲುಗು ಆಡುತ್ತಾರೆ. ಮನೆಯ ಮಾತಿನಲ್ಲೇ ಹೇಳಿ, ಮಗು ಧೈರ್ಯವಾಗಿ ಪ್ರಶ್ನೆ ಕೇಳುತ್ತದೆ.

ಎರಡನೆಯದು, ನುಡಿಯಲ್ಲಿ ಮೋಸ ಇರಬಾರದು. “ಎರಡು ಗುಂಪುಗಳ ಗಲಾಟೆ” ಎಂದು ತೇಲಿಸುವವರಿದ್ದಾರೆ. ಊರಿನಲ್ಲಿ ಮೊದಲೇ ಹಗೆ ಬೆಳೆದಿತ್ತೆಂಬುದು ನಿಜ. ಆದರೆ ಭೂಮಿ, ದುಡ್ಡು, ಅಧಿಕಾರ ಒಂದು ಕಡೆ, ಕೂಲಿ ಮತ್ತೊಂದು ಕಡೆ ಇರುವಾಗ ಅದನ್ನು ಸಮಬಲರ ಜಗಳವೆನ್ನುವುದು ಸತ್ಯವಲ್ಲ.

ಮೂರನೆಯದೇ ಕಷ್ಟದ್ದು. ಎಲ್ಲ ಕೇಳಿದ ಮೇಲೆ ಮಗು ತಪ್ಪದೆ ಕೇಳುತ್ತದೆ: “ಯಾರಿಗೆ ಶಿಕ್ಷೆ ಆಯಿತು?” ಇದಕ್ಕೆ ಉತ್ತರ: ಯಾರಿಗೂ ಆಗಲಿಲ್ಲ. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಸೆಷನ್ಸ್ ನ್ಯಾಯಾಲಯ ಆರೋಪಿಗಳನ್ನು ಬಿಡುಗಡೆ ಮಾಡಿತು. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಈ ಉತ್ತರಕ್ಕೆ ಅಂಜಿಯೇ ನಮ್ಮಲ್ಲಿ ಅನೇಕರು ಕತೆಯನ್ನೇ ತೆಗೆಯುವುದಿಲ್ಲ. ಅಂಜಬೇಕಾದ್ದಿಲ್ಲ. ಸಾಕ್ಷಿ ಏಕೆ ತಿರುಗುತ್ತಾನೆ ಎಂಬುದನ್ನು ಮಗು ನಮಗಿಂತ ಬೇಗ ತಿಳಿಯುತ್ತದೆ. ಹೊಡೆದ ದೊಡ್ಡ ಹುಡುಗ ಎದುರಿಗೇ ನಿಂತಿರುವಾಗ “ಯಾರು ಹೊಡೆದದ್ದು?” ಎಂದು ಮೇಷ್ಟ್ರು ಕೇಳಿದರೆ ಎಷ್ಟು ಕೈ ಮೇಲೇಳುತ್ತವೆ? ನಾಳೆಯ ಕೂಲಿಗೂ ಸಾಲಕ್ಕೂ ಉಳ್ಳವರ ಬಾಗಿಲಿಗೇ ಹೋಗಬೇಕಾದವನ ಪಾಡೂ ಅಷ್ಟೆ. ಹೊಟ್ಟೆ ಸ್ವತಂತ್ರವಾಗದೆ ನಾಲಿಗೆ ಸ್ವತಂತ್ರವಾಗುವುದು ಕಷ್ಟ.

ಇದು ನಮ್ಮೊಬ್ಬರ ಕತೆಯಲ್ಲವೆಂಬುದನ್ನೂ ತಿಳಿಸಿ. ತಮಿಳುನಾಡಿನ ತಂಜಾವೂರು ಸೀಮೆಯ ಕೀಳ್ವೆಣ್ಮಣಿಯಲ್ಲಿ 1968ರ ಡಿಸೆಂಬರ್ 25ರಂದು, ಕೂಲಿ ಹೆಚ್ಚಿಸಿರೆಂದು ಕೇಳಿದ ದಲಿತ ಕೂಲಿಗಳ ಕಡೆಯ 44 ಮಂದಿಯನ್ನು ಸುಟ್ಟರು, ಹೆಚ್ಚಿನವರು ಹೆಂಗಸರು, ಮಕ್ಕಳು. ಅಲ್ಲಿಯ ಭೂಮಾಲೀಕರೂ ಹೈಕೋರ್ಟಿನಲ್ಲಿ ಬಿಡುಗಡೆಯಾದರು. ಆದರೆ ಕೈಕಟ್ಟಿ ಕೂತದ್ದೇ ಚರಿತ್ರೆಯಲ್ಲ. ದಲಿತರ ಮೇಲಿನ ದೌರ್ಜನ್ಯ ತಡೆಯಲು 1989ರಲ್ಲಿ ಕಾಯಿದೆ ಬಂತು. 2016ರಿಂದ ಜಾರಿಯಾದ ತಿದ್ದುಪಡಿ, ನೊಂದವರಿಗೂ ಸಾಕ್ಷಿಗಳಿಗೂ ರಕ್ಷಣೆ ಕೊಡುವುದು ಸರ್ಕಾರದ ಕರ್ತವ್ಯವೆಂದು ಬರೆಯಿತು. ಜನ ಹೋರಾಡಿದ್ದರಿಂದ ಬಂದದ್ದು ಇದು. ಬರೆದದ್ದನ್ನು ನಡೆಸುವುದು ಇನ್ನೂ ಬಾಕಿ ಇರುವ ಕೆಲಸ.

ಉಪಾಧ್ಯಾಯರಿಗೆ ಒಂದು ಮಾತು. ನಿಮ್ಮ ತರಗತಿಯಲ್ಲಿ ಕೇರಿಯ ಮಗುವೂ ಊರ ಗೌಡರ ಮಗುವೂ ಒಂದೇ ಬೆಂಚಿನಲ್ಲಿ ಕೂತಿರುತ್ತವೆ. ಕೇರಿಯ ಮಗು ತಲೆ ತಗ್ಗಿಸುವಂತೆ, ಎಲ್ಲರೂ ಅದರತ್ತ ತಿರುಗಿ ನೋಡುವಂತೆ ಹೇಳಬೇಡಿ. ಇನ್ನೊಂದು ಮಗುವಿನ ತಲೆಯ ಮೇಲೆ ಪಾಪ ಹೊರಿಸಲೂ ಬೇಡಿ. ಹತ್ತು ವರ್ಷದ ಮಗು ಬೆಂಕಿ ಇಟ್ಟಿಲ್ಲ. ಆದರೆ “ನಾಳೆ ನಿನ್ನ ಮುಂದೆ ಯಾರಾದರೂ ಬೇರೆ ಲೋಟ ಇಟ್ಟರೆ ನೀನೇನು ಮಾಡುತ್ತೀಯೆ?” ಎಂದು ಇಬ್ಬರನ್ನೂ ಕೇಳಿ. ಉತ್ತರವನ್ನು ಅವರೇ ಹುಡುಕಲಿ.

ಕೊನೆಯದಾಗಿ ಹಿರಿಯರಾದ ನಮ್ಮ ವಿಷಯ. ಮಗು ನಮ್ಮ ಮಾತಿಗಿಂತ ನಮ್ಮ ನಡೆಯನ್ನು ನೋಡುತ್ತದೆ. ಸಂಜೆ ಕಂಬಾಲಪಲ್ಲಿಗೆ ಮರುಗಿ, ಬೆಳಗ್ಗೆ ಮಾವಿನ ತೋಪಿನ ಕೂಲಿಯವನಿಗೆ ದೂರದಿಂದ ನೀರು ಹೊಯ್ದರೆ ಆ ಮಗು ಏನು ಕಲಿತೀತು? ಬರುವ ಮಾರ್ಚ್ 11ರಂದು ಯಲ್ದೂರು ಹೋಬಳಿಯ ಪ್ರತಿ ಊರಿನಲ್ಲೂ ಒಂದು ಗಂಟೆ ಮಕ್ಕಳನ್ನು ಕೂರಿಸಿ ಈ ಸಂಗತಿಯನ್ನು ಹೇಳೋಣ. ಸಭೆ ಕೇರಿಯಲ್ಲೇ ನಡೆಯಲಿ. ಅಲ್ಲಿಯ ನೀರನ್ನೇ ಎಲ್ಲರೂ ಕುಡಿಯೋಣ.