ಮಧ್ಯ ಮೈದಾನದ ಕಸುಬುದಾರ

(ಕೊಪ್ಪಳದಲ್ಲಿ ಕ್ರೀಡಾಸಕ್ತರ ಎದುರು ಆಡಿದ ಮಾತುಗಳ ಬರಹ ರೂಪ)



ಇಲ್ಲಿಗೆ ಬರುವಾಗ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತಿದ್ದ ಯಜಮಾನರೊಬ್ಬರು ಕುಷ್ಟಗಿ ಕಡೆಯವರು. ಫುಟ್‌ಬಾಲ್ ಬಗ್ಗೆ ಮಾತನಾಡಲು ಹೊರಟಿದ್ದೇನೆ ಎಂದಾಗ ಅವರು ನಕ್ಕುಬಿಟ್ಟರು. “ನಮ್ಮ ಕಡೆ ಕಬಡ್ಡಿ ಬಗ್ಗೆ ಮಾತಾಡ್ರಿ, ಕುಸ್ತಿ ಬಗ್ಗೆ ಮಾತಾಡ್ರಿ. ಕಾಲಾಗ ಚೆಂಡು ಒದ್ರ ಹೊಟ್ಟಿ ತುಂಬತೈತೇನ್ರಿ?” ಎಂದು ಕೇಳಿದರು. ನನಗೆ ಆಗ ಉತ್ತರ ಹೊಳೆಯಲಿಲ್ಲ. ಆದರೆ ಈ ಹೊತ್ತಿನ ಮಾತಿಗೆ ಅದಕ್ಕಿಂತ ಒಳ್ಳೆಯ ಪೀಠಿಕೆ ಬೇಕಿಲ್ಲ. ಅವರು ಕೇಳಿದ್ದು ಆಟದ ಪ್ರಶ್ನೆಯಲ್ಲ, ಬದುಕಿನ ಪ್ರಶ್ನೆ.

ಈ ನಾಡಿನವರಿಗೆ ‘ಗುಳೆ’ ಎಂಬ ಶಬ್ದವನ್ನು ವಿವರಿಸಬೇಕಾಗಿಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಗಂಗಾವತಿಯನ್ನು ಭತ್ತದ ಕಣಜ ಮಾಡಿತು. ಕುಷ್ಟಗಿ, ಯಲಬುರ್ಗಾಗಳ ಎರೆ ಮತ್ತು ಮಸಾರಿ ಹೊಲಗಳು ಮಾತ್ರ ಮುಗಿಲು ನೋಡುತ್ತಲೇ ಉಳಿದವು. ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಹಾಕಿ, ಮುದುಕರನ್ನು ಕಟ್ಟೆಯ ಮೇಲೆ ಬಿಟ್ಟು, ಬೆಂಗಳೂರಿಗೋ ಮಂಗಳೂರಿಗೋ ಗೋವಾಕ್ಕೋ ಹೋಗುವುದು ಇಲ್ಲಿನವರಿಗೆ ಗೊತ್ತು. ಮುಂಗಡ ಪಡೆಯುವುದು, ಹಂಗಾಮು ಮುಗಿಯುವವರೆಗೆ ದುಡಿಯುವುದು, ಮುಂದಿನ ವರ್ಷ ಮೇಸ್ತ್ರಿ ಮತ್ತೆ ಕರೆಯುವನೇ ಎಂದು ಕಾಯುವುದು ಇವೆಲ್ಲವೂ ಗೊತ್ತು. ವೃತ್ತಿಪರ ಫುಟ್‌ಬಾಲ್ ಆಟಗಾರನ ಬದುಕೂ ಬಹುಮಟ್ಟಿಗೆ ಇದೇ. ಕರಾರು ಒಂದು ಹಂಗಾಮಿನದು, ಹೆಚ್ಚೆಂದರೆ ಎರಡು ಮೂರರದು. ಅದು ಮುಗಿದರೆ ಇನ್ನೊಂದು ಊರು, ಇನ್ನೊಂದು ಅಂಗಿ.

ನಾಟಕ ಕಂಪನಿಯ ಹೋಲಿಕೆಯೂ ಸಲ್ಲುತ್ತದೆ. ಗವಿಮಠದ ಜಾತ್ರೆಗೆ ಬಂದು ಕ್ಯಾಂಪು ಹಾಕುವ ಕಂಪನಿಗಳನ್ನು ನೀವು ನೋಡಿದ್ದೀರಿ. ಗೋಡೆಯ ಮೇಲಿನ ಜಾಹೀರಾತಿನಲ್ಲಿ ಒಬ್ಬಿಬ್ಬರ ಹೆಸರು ದಪ್ಪಕ್ಷರದಲ್ಲಿ ಇರುತ್ತದೆ. ಆದರೆ ನಾಟಕ ನಿಲ್ಲುವುದು ಕಂಪನಿಯಿಂದ ಕಂಪನಿಗೆ ಹೋಗುತ್ತ, ಕೊಟ್ಟ ಪಾತ್ರವನ್ನು ಚೊಕ್ಕವಾಗಿ ಮಾಡುವ ನಟರ ಮೇಲೆ. ಫುಟ್‌ಬಾಲಿನಲ್ಲಿ ಆ ಜಾಗ ಮಧ್ಯ ಮೈದಾನದ ಆಟಗಾರನದು. ಹಿಂದೆ ‘ಹಾಫ್ ಬ್ಯಾಕ್’ ಎನ್ನುತ್ತಿದ್ದರು, ಈಗ ‘ಮಿಡ್‌ಫೀಲ್ಡರ್’ ಎನ್ನುತ್ತಾರೆ. ಎದುರಾಳಿಯ ಕಾಲಿನಿಂದ ಚೆಂಡು ಕಸಿಯುವುದು, ಹಿಂದಿನವರಿಂದ ಬಂದದ್ದನ್ನು ಮುಂದಿನವರಿಗೆ ಹದವಾಗಿ ಮುಟ್ಟಿಸುವುದು, ದಾಳಿ ಮುರಿದುಬಿದ್ದರೆ ಮತ್ತೆ ಓಡಿ ಹಿಂದಕ್ಕೆ ಬರುವುದು ಅವನ ಕೆಲಸ. ತೊಂಬತ್ತು ನಿಮಿಷದಲ್ಲಿ ಹೆಚ್ಚು ಓಡುವವರ ಸಾಲಿನಲ್ಲಿ ಅವನಿರುತ್ತಾನೆ. ಮರುದಿನದ ಪತ್ರಿಕೆಯಲ್ಲಿ ಮಾತ್ರ ಗೋಲು ಹೊಡೆದವನ ಹೆಸರು ಬರುತ್ತದೆ.

ಕನ್ನಡ ನಾಡಿನಿಂದ ಹೀಗೆ ಹೊರಟವರ ಸಾಲು ದೊಡ್ಡದು. ಬೆಂಗಳೂರಿನ ಅಹ್ಮದ್ ಖಾನ್ ಕಲ್ಕತ್ತೆಗೆ ಹೋಗಿ ಈಸ್ಟ್ ಬೆಂಗಾಲ್ ತಂಡದ ‘ಪಂಚ ಪಾಂಡವ’ರಲ್ಲಿ ಒಬ್ಬರೆನಿಸಿದರು, 1948 ಮತ್ತು 1952ರ ಒಲಿಂಪಿಕ್ಸ್‌ಗಳಲ್ಲಿ ಆಡಿದರು. ಹಾಫ್ ಬ್ಯಾಕ್ ಕೆಂಪಯ್ಯ ಮೋಹನ್ ಬಾಗಾನ್ ಅಂಗಿ ತೊಟ್ಟರು. ಭಾರತ ನಾಲ್ಕನೆಯ ಸ್ಥಾನ ಪಡೆದ 1956ರ ಮೆಲ್ಬರ್ನ್ ಒಲಿಂಪಿಕ್ಸ್ ತಂಡದಲ್ಲೂ, 1960ರ ರೋಮ್ ತಂಡದಲ್ಲೂ ಅವರಿದ್ದರು. ಹೆಸರಿಗೆ ಆಗಿನ ಆಟ ಹವ್ಯಾಸಿ. ಆದರೆ ನೂರಾರು ಮೈಲಿ ದೂರದ ಊರಿನಲ್ಲಿ ಆಟವನ್ನೇ ನಂಬಿ ಬದುಕಿದವನನ್ನು ಕಸುಬುದಾರನೆನ್ನದೆ ಏನೆನ್ನಬೇಕು?

ಆದರೆ ನಾನು ವಿಶೇಷವಾಗಿ ಹೇಳಬೇಕೆಂದಿರುವುದು ಕಾರ್ಲ್‌ಟನ್ ಚಾಪ್‌ಮನ್ ಅವರ ಕಥೆ. ಚಾಪ್‌ಮನ್ 1971ರ ಏಪ್ರಿಲ್ 13ರಂದು ಬೆಂಗಳೂರಿನಲ್ಲಿ ಹುಟ್ಟಿದರು. ಅಲ್ಲಿಯೇ ಆಟ ಕಲಿತು, ಜಮ್‌ಷೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿಗೆ ಸೇರಿದರು. 1987ರಲ್ಲಿ ಆರಂಭವಾದ ಆ ಅಕಾಡೆಮಿ, ಹುಡುಗರನ್ನು ಊಟ ವಸತಿ ಕೊಟ್ಟು ಆಟಕ್ಕೆಂದೇ ಬೆಳೆಸಿದ ನಮ್ಮ ದೇಶದ ಮೊದಲ ಪ್ರಯತ್ನಗಳಲ್ಲಿ ಒಂದು. ಅಲ್ಲಿಂದ 1993ರಲ್ಲಿ ಕಲ್ಕತ್ತೆಯ ಈಸ್ಟ್ ಬೆಂಗಾಲ್. ಅದೇ ವರ್ಷ ಏಷ್ಯನ್ ಕಪ್ ವಿನ್ನರ್ಸ್ ಕಪ್ ಪಂದ್ಯದಲ್ಲಿ ಇರಾಕಿನ ಅಲ್ ಜವ್ರಾ ತಂಡವನ್ನು ಈಸ್ಟ್ ಬೆಂಗಾಲ್ 6-2ರಿಂದ ಸೋಲಿಸಿತು. ಅದರಲ್ಲಿ ಮೂರು ಗೋಲು ಈ ಮಧ್ಯ ಮೈದಾನದ ಹುಡುಗನವು. ಆಗ ಅವರ ವಯಸ್ಸು 22.

1995ರಲ್ಲಿ ಪಂಜಾಬಿನ ಫಗ್ವಾಡಾದ ಜೆಸಿಟಿ ತಂಡ ಅವರನ್ನು ಸೇರಿಸಿಕೊಂಡಿತು. ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಆರಂಭವಾದದ್ದು 1996ರಲ್ಲಿ. ಮೊದಲ ಲೀಗನ್ನೇ ಜೆಸಿಟಿ ಗೆದ್ದಿತು. ಮುಂದೆ ಐ.ಎಂ. ವಿಜಯನ್, ಬೈಚುಂಗ್ ಭುಟಿಯಾ. ಅವರ ಹಿಂದೆ ಚೆಂಡು ಒದಗಿಸಲು ಚಾಪ್‌ಮನ್. ಜನರಿಗೆ ಮೊದಲ ಎರಡು ಹೆಸರು ನೆನಪಿವೆ. ಮುಂದಿನ ಹಂಗಾಮಿಗೆ ಆಗಷ್ಟೇ ಹುಟ್ಟಿದ ಎಫ್‌ಸಿ ಕೊಚ್ಚಿನ್. 1998ರಲ್ಲಿ ಪುನಃ ಈಸ್ಟ್ ಬೆಂಗಾಲ್. 2000-01ರಲ್ಲಿ ಆ ತಂಡ ರಾಷ್ಟ್ರೀಯ ಲೀಗ್ ಗೆದ್ದಾಗ ನಾಯಕ ಚಾಪ್‌ಮನ್. ಭಾರತ ತಂಡಕ್ಕೂ 1995ರಿಂದ 2001ರವರೆಗೆ ಆಡಿದರು, ನಾಯಕರೂ ಆಗಿದ್ದರು.

ಲೆಕ್ಕ ಹಾಕಿ ನೋಡಿ. ಎಂಟು ವರ್ಷ, ಮೂರು ಕ್ಲಬ್ಬು, ನಾಲ್ಕು ಸಹಿ. ಪೂರ್ವಕ್ಕೆ ಕಲ್ಕತ್ತೆ, ಉತ್ತರಕ್ಕೆ ಫಗ್ವಾಡಾ, ದಕ್ಷಿಣಕ್ಕೆ ಕೊಚ್ಚಿ. ಒಂದೊಂದು ಊರಿನಲ್ಲೂ ಬೇರೆ ಭಾಷೆ, ಬೇರೆ ಅನ್ನ, ಬೇರೆ ಪ್ರೇಕ್ಷಕ. ಗೆದ್ದರೆ ಹೆಗಲ ಮೇಲೆ ಹೊರುವವರೂ ಅವರೇ, ಸೋತರೆ ಬೈಯುವವರೂ ಅವರೇ. ಚಾಪ್‌ಮನ್ ಆ ಪೀಳಿಗೆಯ ಅತ್ಯುತ್ತಮರಲ್ಲಿ ಒಬ್ಬರು. ಅವರ ಪಾಡೇ ಹೀಗಿದ್ದರೆ, ದೇಶದ ತಂಡ ಕಾಣದ, ಎರಡನೆಯ ಸಾಲಿನ ಕಸುಬುದಾರನ ಪಾಡು ಏನಿರಬಹುದೆಂದು ಊಹಿಸಿಕೊಳ್ಳಿ.

ಚಾಪ್‌ಮನ್ 2001ರಲ್ಲಿ ಆಟ ಬಿಟ್ಟರು. ವಯಸ್ಸು ಕೇವಲ ಮೂವತ್ತು. ಸರ್ಕಾರಿ ನೌಕರನಿಗೆ ಆ ವಯಸ್ಸಿನಲ್ಲಿ ಬಡ್ತಿಯ ಕನಸು ಆರಂಭವಾಗುತ್ತದೆ. ಆಟಗಾರನಿಗೆ ನಿವೃತ್ತಿ ಬರುತ್ತದೆ. ಅನಂತರ ತರಬೇತುದಾರರಾಗಿ ಟಾಟಾ ಅಕಾಡೆಮಿ, ಶಿಲ್ಲಾಂಗಿನ ರಾಯಲ್ ವಾಹಿಂಗ್ಡೋ ಹೀಗೆ ಮತ್ತೆ ಊರೂರು ತಿರುಗಿದರು. 2020ರ ಅಕ್ಟೋಬರ್ 12ರಂದು ಬೆಂಗಳೂರಿನಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ಅವರಿಗೆ 49 ವರ್ಷ. ಅವರು ಆಡಿದ ಕ್ಲಬ್ಬುಗಳ ಗತಿ ನೋಡಿ: ಎಫ್‌ಸಿ ಕೊಚ್ಚಿನ್ ಕೆಲವೇ ವರ್ಷಗಳಲ್ಲಿ ಕಣ್ಮರೆಯಾಯಿತು, ಮೊದಲ ಲೀಗ್ ಗೆದ್ದ ಜೆಸಿಟಿಯನ್ನೂ 2011ರಲ್ಲಿ ಮುಚ್ಚಲಾಯಿತು. ಗುಳೆ ಹೋದವನು ಮನೆಗೆ ಮರಳುತ್ತಾನೆ. ಇಲ್ಲಿ ದುಡಿಸಿಕೊಂಡ ಮನೆಯೇ ಉಳಿಯಲಿಲ್ಲ.

ಇದು ನಮ್ಮ ದೇಶದ ಕಥೆ ಮಾತ್ರವಲ್ಲ. ಬೆಲ್ಜಿಯಂ ದೇಶದಲ್ಲಿ ಜ್ಯಾನ್ ಮಾರ್ಕ್ ಬೋಸ್ಮನ್ ಎಂಬ ಮಧ್ಯ ಮೈದಾನದ ಆಟಗಾರನಿದ್ದ. 1990ರಲ್ಲಿ ಲಿಯೇಜ್ ಕ್ಲಬ್ಬಿನೊಂದಿಗೆ ಅವನ ಕರಾರು ಮುಗಿಯಿತು. ಫ್ರಾನ್ಸಿನ ಡಂಕರ್ಕ್ ತಂಡಕ್ಕೆ ಹೋಗಬೇಕೆಂದ. ಕರಾರು ಮುಗಿದಿದ್ದರೂ ಹಳೆಯ ಕ್ಲಬ್ಬು ಅವನಿಗೆ ಬೆಲೆ ಕಟ್ಟಿತು. ಆ ಹಣ ಬರದೆ ಬಿಡುವುದಿಲ್ಲವೆಂದಿತು, ಸಂಬಳವನ್ನೂ ಬಹಳಷ್ಟು ಕಡಿತಗೊಳಿಸಿತು. ಅವನು ನ್ಯಾಯಾಲಯಕ್ಕೆ ಹೋದ. 1995ರ ಡಿಸೆಂಬರ್ 15ರಂದು ಯುರೋಪಿನ ನ್ಯಾಯಾಲಯ ತೀರ್ಪು ಕೊಟ್ಟಿತು: ಕರಾರು ಮುಗಿದ ಆಟಗಾರ ಯುರೋಪ್ ಒಕ್ಕೂಟದ ಯಾವುದೇ ದೇಶದ ಕ್ಲಬ್ಬಿಗೆ ಹಣದ ಹಂಗಿಲ್ಲದೆ ಹೋಗಬಹುದು. ಜೀತ ಬಿಡಿಸಿದ ತೀರ್ಪು ಎಂದರೂ ಸಲ್ಲುತ್ತದೆ. ದೊಡ್ಡ ಆಟಗಾರರು ಅದರಿಂದ ಕೋಟ್ಯಧೀಶರಾದರು. ಬೋಸ್ಮನ್‌ನ ಆಟದ ವಯಸ್ಸು ಮಾತ್ರ ವ್ಯಾಜ್ಯದಲ್ಲೇ ಕಳೆದುಹೋಯಿತು. ಮುಂದೆ ಅವನು ಕಷ್ಟದಲ್ಲಿ ದಿನ ದೂಡಬೇಕಾಯಿತು. ಇಲ್ಲಿಯೂ ಅಷ್ಟೆ. ಚೆಂಡು ಒದಗಿಸಿದವನು ಒಬ್ಬ, ಗೋಲು ಹೊಡೆದವರು ಬೇರೆ.

ಹಾಗಾದರೆ ನಮ್ಮಲ್ಲಿ ಆಟಗಾರನಿಗೆ ಆಸರೆಯೇ ಇರಲಿಲ್ಲವೇ? ಇತ್ತು. ಬೆಂಗಳೂರಿನಲ್ಲಿ ಐಟಿಐ, ಎಚ್‌ಎಎಲ್‌ನಂಥ ಕಾರ್ಖಾನೆಗಳು ತಮ್ಮದೇ ತಂಡ ಕಟ್ಟಿ ಆಟಗಾರರಿಗೆ ನೌಕರಿ ಕೊಟ್ಟವು. ಗೋಲು ಹೊಡೆಯಲಿ ಬಿಡಲಿ, ತಿಂಗಳ ಸಂಬಳ ನಿಲ್ಲುತ್ತಿರಲಿಲ್ಲ. ಮಂಡಿ ಮುರಿದರೂ ಮೇಜಿನ ಮುಂದೆ ಒಂದು ಕುರ್ಚಿ ಇರುತ್ತಿತ್ತು. ಮೈಸೂರು ರಾಜ್ಯ 1946, 1952, 1967 ಮತ್ತು 1968ರಲ್ಲಿ ಸಂತೋಷ್ ಟ್ರೋಫಿ ಗೆದ್ದದ್ದನ್ನು ನೆನೆಯುವಾಗ, ಅಂದಿನ ಆಟಗಾರನಿಗಿದ್ದ ಈ ಭರವಸೆಯನ್ನೂ ನೆನೆಯಬೇಕು. ಆಮೇಲೆ ಕರ್ನಾಟಕ ಆ ಕಪ್ಪನ್ನು ಮತ್ತೆ ಮುಟ್ಟಿದ್ದು 54 ವರ್ಷಗಳ ಬಳಿಕ, 2023ರ ಮಾರ್ಚ್ 4ರಂದು, ಸೌದಿ ಅರೇಬಿಯದ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ.

ಈ ನಡುವೆ ಹಣದ ಆಟ ಬಂದಿತು. 2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿತು; ಮೊದಲ ಹಂಗಾಮಿನಲ್ಲೇ ಐ-ಲೀಗ್ ಗೆದ್ದು, 2018-19ರಲ್ಲಿ ಇಂಡಿಯನ್ ಸೂಪರ್ ಲೀಗ್ ಕೂಡ ಗೆದ್ದಿತು. ಸಂಬಳ ಏರಿತು, ಹುಲ್ಲು ಹಸಿರಾಯಿತು. ಆದರೆ 2025ರಲ್ಲಿ ಸೂಪರ್ ಲೀಗ್ ನಡೆಸುವ ಒಪ್ಪಂದದ ಗೊಂದಲದಿಂದ ಹಂಗಾಮೇ ಅನಿಶ್ಚಿತವಾದಾಗ, ಅದೇ ಬೆಂಗಳೂರು ಎಫ್‌ಸಿ ಆಗಸ್ಟ್‌ನಲ್ಲಿ ಹಿರಿಯರ ತಂಡದ ಆಟಗಾರರು ಮತ್ತು ಸಿಬ್ಬಂದಿಯ ಸಂಬಳವನ್ನು ತಡೆಹಿಡಿಯಿತು. ಮೋಡ ಚದುರಿದರೆ ಕುಷ್ಟಗಿಯ ರೈತನಿಗೆ ಆಗುವುದೇ ಅಲ್ಲಿಯೂ ಆಯಿತು.

ಇದನ್ನೆಲ್ಲ ಕೇಳಿ ಮುಂದಿನ ಸಾಲಿನ ಮಕ್ಕಳು ಚೆಂಡನ್ನು ಬಿಟ್ಟು ಮನೆಗೆ ಹೋಗಬೇಕೆಂದು ನಾನು ಹೇಳುತ್ತಿಲ್ಲ. ಚಾಪ್‌ಮನ್ ಬಡವರಾಗಿ ಸೋತವರಲ್ಲ. ಅಪರೂಪದ ಬದುಕನ್ನು ಬದುಕಿದವರು. ನಾನು ಹೇಳುವುದಿಷ್ಟೆ: ಆಟ ಒಂದು ಕಸುಬು. ಕಿನ್ನಾಳದ ಚಿತ್ರಗಾರನ ಕಸುಬಿನಂತೆಯೇ ಅದಕ್ಕೂ ಎಳೆಯ ಕೈಗೆ ಕಲಿಸುವ ಗುರು ಬೇಕು, ಕೊಳ್ಳುವವರು ಬೇಕು, ಕೈ ನಡುಗುವ ಕಾಲಕ್ಕೆ ಆಸರೆ ಬೇಕು. ಕರಾರನ್ನು ಓದದೆ ಸಹಿ ಹಾಕಬೇಡಿ. ಶಾಲೆಯನ್ನು ಬಿಡಬೇಡಿ, ಮೂವತ್ತರ ಆಚೆಗೆ ಇನ್ನೂ ಮೂವತ್ತು ವರ್ಷ ದುಡಿಮೆಯಿದೆ. ಹಿರಿಯರಲ್ಲಿ ನನ್ನ ವಿನಂತಿ: ಗೆದ್ದ ಹುಡುಗನಿಗೆ ಹಾರ ಹಾಕುವುದರ ಜತೆಗೆ ಕಾಲು ಮುರಿದುಕೊಂಡ ಹುಡುಗನ ಆಸ್ಪತ್ರೆಯ ಖರ್ಚನ್ನೂ ವಿಚಾರಿಸಿ.

1997ರ ಆಗಸ್ಟ್ 24ರಂದು ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ ಜಿಲ್ಲೆಯಾಯಿತು. ಬೆಂಗಳೂರಿನ ಹುಡುಗನೊಬ್ಬ ಪಂಜಾಬಿನ ಅಂಗಿ ತೊಟ್ಟು ಮೊದಲ ರಾಷ್ಟ್ರೀಯ ಲೀಗ್ ಗೆದ್ದದ್ದೂ ಅದೇ ವರ್ಷ. ಈ ಜಿಲ್ಲೆಯ ತಾಲ್ಲೂಕುಗಳಿಂದ ಕಟ್ಟಡ ಕಟ್ಟಲು ಹೋದವರ ಲೆಕ್ಕವಿಲ್ಲ. ಒಂದು ದಿನ ಚೆಂಡು ಆಡಲೆಂದು ಹೋಗುವವರೂ ಹೊರಡಲಿ. ಆದರೆ ಮನೆಗೆ ಬೀಗ ಹಾಕಿ ಹೋಗುವ ಪಾಡು ಅವರಿಗೆ ಬಾರದಿರಲಿ. ಬಸ್ಸಿನ ಆ ಯಜಮಾನರು ಮತ್ತೆ ಸಿಕ್ಕರೆ ನಾನು ಹೇಳುವುದು ಇಷ್ಟೆ: “ಹೊಟ್ಟಿ ತುಂಬತೈತ್ರಿ. ಆದರ ಎಷ್ಟು ದಿನ ಅನ್ನೋದು, ಆಡೋರ ಕಾಲಿನ ಮ್ಯಾಲ ಅಷ್ಟ ಅಲ್ಲ, ಆಡಿಸೋರ ನಿಯತ್ತಿನ ಮ್ಯಾಲೂ ಐತ್ರಿ.”